ಸಂಭ್ರಮ ಆರಿದ ಮೇಲೆ ಉಳಿಯುವುದೂ ಪ್ರೀತಿಯೇನಾ?

ಪ್ರಶ್ನೆ: ನನಗೆ 36 ವರ್ಷ. ಪ್ರೀತಿಸಿ ಮದುವೆಯಾಗಿ ಎಂಟು ವರ್ಷವಾಯಿತು. ದೊಡ್ಡ ಜಗಳವೇನೂ ಇಲ್ಲ, ಆದರೆ ಮೊದಲಿನ ತುಡಿತವೂ ಇಲ್ಲ. ಬೆಳಗಾದರೆ ಕೆಲಸ, ಸಂಜೆಯಾದರೆ ಮಗು, ರಾತ್ರಿ ಇಬ್ಬರ ಕೈಯಲ್ಲೂ ಮೊಬೈಲು. ಮಾತೆಲ್ಲ ಖರ್ಚಿನ ಲೆಕ್ಕ ಇಲ್ಲವೇ ಮಗುವಿನ ಹೋಮ್‌ವರ್ಕು. ಬದುಕಿಗೆ ಅರ್ಥ ಕೊಡುವುದೇ ಪ್ರೀತಿ ಅಂತಾರೆ. ಹಾಗಾದರೆ ನಮ್ಮದು ಬರೀ ಹೊಂದಾಣಿಕೆಯೇ? ಇದನ್ನು ಸರಿಮಾಡಲು ಆಗುತ್ತದೆಯೇ? ಇನ್ನೊಂದು ವಿಷಯ: ನನ್ನ ಅಣ್ಣ ಮದುವೆಯಾಗಿಲ್ಲ, ಆಗುವ ಮನಸ್ಸೂ ಅವನಿಗಿಲ್ಲ. ಅವನ ಬದುಕಿನಲ್ಲಿ ಏನೋ ಕೊರತೆ ಇದೆ ಅಂದುಕೊಳ್ಳಬೇಕೇ?

ಉತ್ತರ: ತುಡಿತ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಪ್ರೀತಿ ಮುಗಿದಿದೆ ಎಂದು ತೀರ್ಮಾನಿಸಬೇಡಿ. ನೀವು ಅಷ್ಟನ್ನೇ ಬರೆದಿದ್ದರೆ ಉತ್ತರವೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ರಾತ್ರಿ ಇಬ್ಬರ ಕೈಯಲ್ಲೂ ಮೊಬೈಲು, ಮಾತೆಲ್ಲ ಲೆಕ್ಕಾಚಾರದ್ದೇ ಎಂದೂ ಬರೆದಿದ್ದೀರಿ. ಯೋಚಿಸಬೇಕಾದದ್ದು ಆ ಸಾಲಿನ ಬಗ್ಗೆ.

ಪ್ರೀತಿ ಬದುಕಿಗೆ ಅರ್ಥ ಕೊಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಕೊಡುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ. ಕಳೆದ ಎಂಬತ್ತು ವರ್ಷಗಳಲ್ಲಿ ಮನಶ್ಶಾಸ್ತ್ರ ಈ ವಿಷಯದಲ್ಲಿ ಕಂಡುಕೊಂಡದ್ದನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ನಾನು ಕರೆದರೆ ಓಗೊಡುವವರು ಇದ್ದಾರೆ, ಅವರು ಕರೆದರೆ ನಾನೂ ಓಗೊಡುತ್ತೇನೆ ಎಂಬ ಭರವಸೆಯೇ ಆ ಸಂಗತಿ. ಹಸುಗೂಸಿಗೂ, ಗಂಡ ಹೆಂಡತಿಗೂ, ಸ್ನೇಹಿತರಿಗೂ, ಹಾಸಿಗೆ ಹಿಡಿದ ವೃದ್ಧರಿಗೂ ಪ್ರೀತಿಯಿಂದ ಸಿಗುವುದು ಇದೇ. ಭಾವನೆಯ ಬಿಸಿ ಏರುತ್ತದೆ, ಇಳಿಯುತ್ತದೆ. ಸಂಬಂಧ ಒಣಗುವುದು ಓಗೊಡುವುದು ನಿಂತಾಗ.

ಇದು ಎಷ್ಟು ಆಳದ ಅಗತ್ಯ ಎಂಬುದಕ್ಕೆ ಸಾಕ್ಷಿ ಹಳೆಯದು. 1945ರಲ್ಲಿ ರೆನೆ ಸ್ಪಿಟ್ಜ್ ಎಂಬ ಮನೋವಿಶ್ಲೇಷಕರು ಎರಡು ಕಡೆಯ ಶಿಶುಗಳನ್ನು ಹೋಲಿಸಿ ಬರೆದರು. ಒಂದು ಅನಾಥ ಶಿಶುಗಳ ಗೃಹ. ಅಲ್ಲಿ ಸ್ವಚ್ಛತೆ, ಆಹಾರ, ವೈದ್ಯಕೀಯ ಆರೈಕೆ ಎಲ್ಲ ಇತ್ತು, ಆದರೆ ಒಬ್ಬ ದಾದಿ ಹಲವು ಕೂಸುಗಳನ್ನು ನೋಡಿಕೊಳ್ಳಬೇಕಿತ್ತು, ಎತ್ತಿಕೊಂಡು ಮಾತಾಡಿಸುವಷ್ಟು ಬಿಡುವು ಯಾರಿಗೂ ಇರಲಿಲ್ಲ. ಇನ್ನೊಂದು ಜೈಲಿನೊಳಗಿನ ಶಿಶುಗೃಹ, ಅಲ್ಲಿ ಕೈದಿ ತಾಯಂದಿರೇ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಎರಡು ವರ್ಷಗಳ ಅವಧಿಯಲ್ಲಿ ಮೊದಲನೆಯ ಗೃಹದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಕ್ಕಳು ತೀರಿಕೊಂಡರು. ಜೈಲಿನಲ್ಲಿ ಒಂದು ಮಗುವೂ ಸಾಯಲಿಲ್ಲ. ಸ್ಪಿಟ್ಜ್ ಅವರ ಅಧ್ಯಯನದ ವಿಧಾನಕ್ಕೆ ಮುಂದೆ ಸಾಕಷ್ಟು ಟೀಕೆ ಬಂತು, ಬರಬೇಕಾದದ್ದೇ. ಆದರೆ 2000ದಲ್ಲಿ ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಶುರುವಾದ ಇನ್ನಷ್ಟು ಕಟ್ಟುನಿಟ್ಟಿನ ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿತು. ಸಂಸ್ಥೆಗಳಲ್ಲಿದ್ದ 136 ಮಕ್ಕಳಲ್ಲಿ ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನು ಆರಿಸಿ ಸಾಕು ಕುಟುಂಬಗಳಿಗೆ ಒಪ್ಪಿಸಲಾಯಿತು. ಕುಟುಂಬ ಸೇರಿದವರು ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಚೇತರಿಸಿಕೊಂಡರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು ಹೆಚ್ಚಾಗಿ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ಅವರ ಮಂಗನ ಮರಿಗಳ ಪ್ರಯೋಗ ನೀವು ಕೇಳಿರಬಹುದು. ತಂತಿಯಿಂದ ಮಾಡಿದ, ಹಾಲಿನ ಬಾಟಲಿ ಇರುವ ಒಬ್ಬ ‘ತಾಯಿ’. ಮೆತ್ತನೆ ಬಟ್ಟೆ ಸುತ್ತಿದ, ಹಾಲಿಲ್ಲದ ಇನ್ನೊಬ್ಬ ‘ತಾಯಿ’. ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ತಂತಿಯ ಹತ್ತಿರ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯನ್ನು ಅಪ್ಪಿಕೊಂಡೇ ಇದ್ದವು. 1958ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದಿನ ಭಾಗ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು. ಬಟ್ಟೆಯ ತಾಯಿಯ ಜೊತೆ ಬೆಳೆದ ಮರಿಗಳೂ ಸರಿಯಾಗಿ ಬೆಳೆಯಲಿಲ್ಲ. ದೊಡ್ಡವಾದ ಮೇಲೆ ಉಳಿದ ಮಂಗಗಳ ಜೊತೆ ಬೆರೆಯಲು, ತಮ್ಮ ಮರಿಗಳನ್ನು ಸಾಕಲು ಅವಕ್ಕೆ ಬರಲಿಲ್ಲ. ಬಟ್ಟೆ ಬೆಚ್ಚಗಿತ್ತು, ಯಾವಾಗ ಬೇಕಾದರೂ ಸಿಗುತ್ತಿತ್ತು, ಎಂದೂ ಬೈಯುತ್ತಿರಲಿಲ್ಲ. ಆದರೆ ಮರಿ ಏನೇ ಮಾಡಿದರೂ ಅದರಿಂದ ಪ್ರತಿಕ್ರಿಯೆ ಬರುತ್ತಿರಲಿಲ್ಲ. ಒಂದೇ ಸೂರಿನಡಿ ಇರುವುದು, ಜಗಳವಿಲ್ಲದಿರುವುದು, ಕರ್ತವ್ಯ ತಪ್ಪದಿರುವುದು ಇಷ್ಟರಿಂದಲೇ ಪ್ರೀತಿಯ ಹಸಿವು ಯಾಕೆ ತೀರುವುದಿಲ್ಲ ಎಂಬುದಕ್ಕೆ ಇದು ಉತ್ತರ.

ಹಾಗಂತ ಸದಾ ಕಾಲ ಓಗೊಡುತ್ತಲೇ ಇರಬೇಕೇ? ಖಂಡಿತ ಇಲ್ಲ. ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ತಾಯಿ ಮತ್ತು ಕೂಸನ್ನು ಎದುರುಬದುರು ಕೂರಿಸಿ, ಆಡಿಸುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಕೆಲವು ನಿಮಿಷ ಸುಮ್ಮನಿರುವಂತೆ ಹೇಳಿದರು. ಕೂಸು ಮೊದಲು ನಗುತ್ತದೆ, ಆಮೇಲೆ ಕೈ ಚಾಚುತ್ತದೆ, ಕಿರುಚುತ್ತದೆ, ಕೊನೆಗೆ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಆದರೆ ಇದೇ ಸಂಶೋಧನೆಯಲ್ಲಿ ಅಷ್ಟಾಗಿ ಯಾರೂ ಹೇಳದ ಇನ್ನೊಂದು ಅಂಶವಿದೆ. ಚೆನ್ನಾಗಿಯೇ ಇರುವ ತಾಯಿ ಮಕ್ಕಳಲ್ಲೂ ಇಬ್ಬರ ಭಾವ, ನೋಟ, ದನಿ ಹೊಂದಿಕೊಂಡಿರುವುದು ಸುಮಾರು 30 ಶೇಕಡಾ ಹೊತ್ತು ಮಾತ್ರ. ಉಳಿದ ಹೊತ್ತು ತಾಳ ತಪ್ಪುವುದು, ಮತ್ತೆ ಹಿಡಿಯುವುದು. ತಪ್ಪಿದ ತಾಳ ಮತ್ತೆ ಸಿಗುತ್ತದೆ ಎಂಬ ಅನುಭವ ಸಾವಿರ ಸಲ ಆದ ಮೇಲೆಯೇ ಮಗುವಿಗೆ ನಂಬಿಕೆ ಬರುವುದು. ದೊಡ್ಡವರ ಪ್ರೀತಿಯಲ್ಲೂ ಹೀಗೆಯೇ, ಜಗಳದ ವಿಷಯ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಈಗ ಆ ತುಡಿತದ ವಿಷಯ. ಇದನ್ನು ಬೇಗ ಮುಗಿಸೋಣ, ಏಕೆಂದರೆ ಜನ ಇದಕ್ಕೆ ಕೊಡಬೇಕಾದ್ದಕ್ಕಿಂತ ಹೆಚ್ಚು ಬೆಲೆ ಕೊಡುತ್ತಾರೆ. ಊಟ ಸೇರದೆ, ನಿದ್ದೆ ಬಾರದೆ, ಒಬ್ಬರ ಬಗ್ಗೆಯೇ ದಿನವಿಡೀ ಯೋಚಿಸುವ ಸ್ಥಿತಿ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷದೊಳಗೆ ಇಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಡೊರೊತಿ ಟೆನೊವ್ 1979ರಲ್ಲೇ ಬರೆದಿದ್ದರು. 2005ರಲ್ಲಿ ಹೆಲೆನ್ ಫಿಶರ್, ಆರ್ಥರ್ ಏರನ್, ಲೂಸಿ ಬ್ರೌನ್ ಹೊಸದಾಗಿ ಪ್ರೀತಿಗೆ ಬಿದ್ದ 17 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ಮೂಲಕ ‘ಇದು ಬೇಕೇ ಬೇಕು’ ಎಂಬ ಬಯಕೆ ಹುಟ್ಟಿಸುವ ಭಾಗಗಳು ಚುರುಕಾಗಿದ್ದವು. ಹಂಬಲ ಇರುವುದೇ ದಕ್ಕದ್ದನ್ನು ದಕ್ಕಿಸಿಕೊಳ್ಳಲು. ದಕ್ಕಿದ ಮೇಲೆ ಅದು ತಣ್ಣಗಾಗುವುದು ಸಹಜ. ಆದರೆ ಅದು ಪೂರ್ತಿ ಸತ್ತೇಹೋಗಬೇಕೆಂಬ ನಿಯಮವೂ ಇಲ್ಲ. ಸರಾಸರಿ 21 ವರ್ಷ ದಾಂಪತ್ಯ ನಡೆಸಿಯೂ ಸಂಗಾತಿಯನ್ನು ಗಾಢವಾಗಿ ಪ್ರೀತಿಸುತ್ತೇವೆ ಎಂದವರನ್ನು ಬಿಯಾಂಕಾ ಅಸೆವೆಡೊ ಮತ್ತು ಏರನ್ ತಂಡ ಪರೀಕ್ಷಿಸಿದಾಗ ಅದೇ ಭಾಗಗಳು ಚುರುಕಾಗಿದ್ದವು, ಹೊಸ ಪ್ರೇಮಿಗಳ ಕಳವಳ ಮಾತ್ರ ಕಾಣಲಿಲ್ಲ. ಇನ್ನು ಆಕ್ಸಿಟೋಸಿನ್ ಎಂಬ ‘ಪ್ರೀತಿಯ ಹಾರ್ಮೋನ್’ ಬಗ್ಗೆ ಓದಿದ್ದೆಲ್ಲವನ್ನೂ ಹಾಗೇ ನಂಬಬೇಡಿ. ಜೀವನವಿಡೀ ಒಂದೇ ಜೋಡಿಯಾಗಿ ಬಾಳುವ ಪ್ರೇರಿ ವೋಲ್ ಎಂಬ ಪುಟ್ಟ ಇಲಿಗಳಲ್ಲಿ ಆ ಹಾರ್ಮೋನ್ ಕೆಲಸ ಮಾಡದಂತೆ ಜೀನ್ ತಿದ್ದಿದರೂ ಅವು ಜೋಡಿ ಕಟ್ಟಿದವು ಎಂದು 2023ರಲ್ಲಿ ಗೊತ್ತಾಗಿದೆ. ಪ್ರೀತಿಯನ್ನು ಒಂದು ರಾಸಾಯನಿಕಕ್ಕೆ ಗಂಟು ಹಾಕುವುದು ಅಷ್ಟು ಸುಲಭವಲ್ಲ.

ಸರಿ, ಎಂಟು ವರ್ಷದ ದಾಂಪತ್ಯದಲ್ಲಿ ಓಗೊಡುವುದು ಎಂದರೇನು? ಹುಟ್ಟುಹಬ್ಬದ ಉಡುಗೊರೆಯಲ್ಲೋ ಪ್ರವಾಸದಲ್ಲೋ ಅದನ್ನು ಹುಡುಕಬೇಡಿ. ರಾತ್ರಿ ಒಂಬತ್ತೂವರೆಗೆ ಮಗು ಮಲಗಿದೆ, ಇಬ್ಬರೂ ಮೊಬೈಲ್ ನೋಡುತ್ತ ಕೂತಿದ್ದೀರಿ ಎಂದಿಟ್ಟುಕೊಳ್ಳಿ. ಸಂಗಾತಿ ತಲೆ ಎತ್ತದೆಯೇ, ‘ಅಬ್ಬಾ, ಇವತ್ತು ಮೀಟಿಂಗ್‌ನಲ್ಲಿ ಸಾಕುಸಾಕಾಯ್ತು’ ಅಂದರು. ಈ ಮಾತಿನಲ್ಲಿ ಪ್ರಶ್ನೆಯಿಲ್ಲ, ಕೋರಿಕೆಯಿಲ್ಲ. ಆದರೂ ಇದೊಂದು ಕರೆ. ನೀವು ಮೊಬೈಲನ್ನು ಮಡಿಲಿಗಿಟ್ಟು ‘ಯಾಕೆ, ಏನಾಯ್ತು?’ ಅನ್ನಬಹುದು. ಕೇಳಿಸಿದರೂ ಕೇಳಿಸದಂತೆ ಸ್ಕ್ರೀನ್ ಸರಿಸುತ್ತಿರಬಹುದು. ‘ನನಗೇನು ಕಡಿಮೆ ಸಾಕಾಗಿದೆಯಾ?’ ಎಂದು ತಿರುಗಿಬೀಳಬಹುದು. ಮೊದಲನೆಯದಕ್ಕೆ ಹಿಡಿಯುವುದು ಎರಡು ಸೆಕೆಂಡ್. ಇಂಥ ಕರೆಗಳು ಒಂದು ಸಂಜೆಗೆ ಹತ್ತಾರು ಬರುತ್ತವೆ, ನಿಟ್ಟುಸಿರಾಗಿ, ‘ಇದನ್ನ ನೋಡಿಲ್ಲಿ’ ಎಂದು ತೋರಿಸುವ ಒಂದು ವಿಡಿಯೋ ಆಗಿ, ದಾಟಿ ಹೋಗುವಾಗ ಭುಜ ಮುಟ್ಟುವುದಾಗಿ.

ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಅವರ ತಂಡ ಹೊಸದಾಗಿ ಮದುವೆಯಾದ ದಂಪತಿಗಳನ್ನು ಅಪಾರ್ಟ್‌ಮೆಂಟಿನಂತೆ ಸಜ್ಜುಗೊಳಿಸಿದ ಪ್ರಯೋಗಾಲಯದಲ್ಲಿ ಇರಿಸಿ ವಿಡಿಯೋ ಮಾಡಿತು. ಆರು ವರ್ಷದ ನಂತರ ನೋಡಿದಾಗ, ಒಟ್ಟಿಗೆ ಉಳಿದಿದ್ದವರು ಆ ಪ್ರಯೋಗಾಲಯದಲ್ಲಿ ಒಬ್ಬರಿನ್ನೊಬ್ಬರ ಕರೆಗೆ 86 ಶೇಕಡಾ ಸಲ ಓಗೊಟ್ಟಿದ್ದರು. ಬೇರೆಯಾದವರು 33 ಶೇಕಡಾ. ಗಾಟ್ಮನ್ ಅವರು ವಿಚ್ಛೇದನವನ್ನು ಮುಂಚೆಯೇ ಹೇಳಬಲ್ಲರು ಎಂಬ ದೊಡ್ಡ ದೊಡ್ಡ ಹೇಳಿಕೆಗಳನ್ನು ಇತರ ಸಂಶೋಧಕರು ಪ್ರಶ್ನಿಸಿದ್ದಾರೆ, ಹಾಗಾಗಿ ಈ ಅಂಕಿಗಳನ್ನು ನಿಮ್ಮ ದಾಂಪತ್ಯಕ್ಕೆ ಮಾರ್ಕ್ಸ್ ಕಾರ್ಡ್ ಮಾಡಿಕೊಳ್ಳಬೇಡಿ. ಎರಡರ ನಡುವಿನ ಅಂತರವನ್ನು ಗಮನಿಸಿ, ಸಾಕು.

ಮಾಡಬೇಕಾದ ಮೊದಲ ಕೆಲಸ: ಒಂದು ವಾರ, ದಿನಕ್ಕೆ ಒಂದು ಗಂಟೆ, ಸಂಗಾತಿಯ ಎಷ್ಟು ಕರೆಗಳಿಗೆ ನೀವು ಓಗೊಟ್ಟಿರಿ ಎಂದು ಮನಸ್ಸಿನಲ್ಲೇ ಎಣಿಸಿ. ನಿಮ್ಮದನ್ನು ಮಾತ್ರ. ಅವರು ಎಷ್ಟಕ್ಕೆ ಸ್ಪಂದಿಸಿದರು ಎಂದು ಎಣಿಸಲು ಹೊರಟರೆ ಮೂರನೇ ದಿನಕ್ಕೆ ನಿಮ್ಮ ಹತ್ತಿರ ಆರೋಪಪಟ್ಟಿ ಸಿದ್ಧವಾಗಿರುತ್ತದೆ. ಎಣಿಸುವಾಗ ಇನ್ನೊಂದು ಕಷ್ಟ ಎದುರಾಗುತ್ತದೆ. ವರ್ಷಗಟ್ಟಲೆ ಉತ್ತರ ಸಿಗದ ಕರೆ ವೇಷ ಬದಲಿಸಿಕೊಂಡಿರುತ್ತದೆ. ‘ನಿಂಗೆ ನನ್ನ ಮಾತು ಕೇಳೋಕೆ ಯಾವತ್ತು ಪುರುಸೊತ್ತಿದೆ’ ಎಂಬುದು ಕಿವಿಗೆ ದೂರಿನಂತೆ ಕೇಳಿಸುತ್ತದೆ. ಒಳಗಿರುವುದು ‘ನಿನ್ನ ಜೊತೆ ಮಾತಾಡಬೇಕು’ ಎಂಬ ಆಸೆ. ದೂರಿಗೆ ಸಮರ್ಥನೆ ಕೊಡುವ ಬದಲು ಆಸೆಗೆ ಉತ್ತರ ಕೊಡಿ: ‘ಈಗ ಹೇಳು, ಫೋನ್ ಇಟ್ಟೆ.’

ಒಳ್ಳೆಯ ಸುದ್ದಿ ಬಂದಾಗ ಹೇಗೆ ಸ್ಪಂದಿಸುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ಕಷ್ಟಕ್ಕೆ ಆಗುವವರು ಪ್ರೀತಿಸುವವರು ಎಂದು ನಾವು ಅಂದುಕೊಂಡಿದ್ದೇವೆ, ಸುಖಕ್ಕೆ ಆಗುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಳ್ಳೆಯ ಸುದ್ದಿಗೆ ನಾಲ್ಕು ಥರದ ಉತ್ತರಗಳುಂಟು. ‘ಪ್ರಮೋಷನ್ ಸಿಕ್ತು’ ಅಂದಾಗ, ‘ಹೌದಾ! ಹೇಗೆ ಹೇಳಿದರು? ನಿಂಗೆ ಆಗ ಏನನ್ನಿಸ್ತು?’ ಎನ್ನುವುದು ಒಂದು. ‘ಓ, ಒಳ್ಳೇದಾಯ್ತು’ ಎಂದು ಸುಮ್ಮನಾಗುವುದು ಎರಡನೆಯದು. ‘ಇನ್ನು ಮನೆಗೆ ಬರೋದು ಮತ್ತೂ ಲೇಟಾಗುತ್ತಲ್ವಾ’ ಎಂದು ತಣ್ಣೀರೆರಚುವುದು ಮೂರನೆಯದು, ‘ಗ್ಯಾಸ್ ಮುಗಿದಿದೆ, ಗೊತ್ತಾ?’ ಎಂದು ವಿಷಯವನ್ನೇ ಬದಲಿಸುವುದು ನಾಲ್ಕನೆಯದು. ಸಂಬಂಧಕ್ಕೆ ಬಲ ಕೊಡುವುದು ಮೊದಲನೆಯದೊಂದೇ. ಎರಡನೆಯದು ನಿರಪಾಯಕಾರಿ ಎನಿಸುತ್ತದೆ, ಹಾಗಲ್ಲ. ಎಂಟು ವರ್ಷ ‘ಒಳ್ಳೇದಾಯ್ತು’ ಕೇಳಿದ ವ್ಯಕ್ತಿ ಒಂಬತ್ತನೇ ವರ್ಷ ಒಳ್ಳೆಯ ಸುದ್ದಿಯನ್ನು ಬೇರೆಯವರಿಗೆ ಮೊದಲು ಹೇಳತೊಡಗುತ್ತಾರೆ.

ಎರಡನೇ ಕೆಲಸ, ದಿನಕ್ಕೆ 20 ನಿಮಿಷದ ಮಾತು. ಹತ್ತು ನಿಮಿಷ ಒಬ್ಬರಿಗೆ, ಹತ್ತು ಇನ್ನೊಬ್ಬರಿಗೆ. ವಿಷಯ ಆ ದಿನದ್ದು, ಹೊರಗಿನದು. ಖರ್ಚು, ಮಗು, ಮನೆಗೆಲಸ, ಪರಸ್ಪರ ದೂರು ಈ ಹೊತ್ತಿನಲ್ಲಿ ಬೇಡ. ಮೊಬೈಲುಗಳು ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ ಮಗುಚಿಟ್ಟರೆ ಸಾಲದು, ಅದು ಸದ್ದು ಮಾಡಿದಾಗ ಕಣ್ಣು ಅತ್ತ ಹೋಗಿಯೇ ಹೋಗುತ್ತದೆ. ಇದು ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಕೇಳುವವರು ಎರಡನೇ ನಿಮಿಷಕ್ಕೇ ಪರಿಹಾರ ಹೇಳಲು ಶುರುಮಾಡುತ್ತಾರೆ. ಪರಿಹಾರ ಬೇಕಿದ್ದರೆ ಅವರೇ ಕೇಳುತ್ತಾರೆ, ಅಲ್ಲಿಯವರೆಗೆ ‘ಆಮೇಲೆ?’, ‘ಅದು ಬೇಜಾರೇ ಬಿಡು’ ಇಷ್ಟೇ ಸಾಕು. ಇನ್ನೊಂದು, ‘ನಿಮ್ಮ ಬಾಸ್ ಹೇಳಿದ್ದರಲ್ಲೂ ಅರ್ಥ ಇದೆಯಲ್ವಾ’ ಎಂದು ಎದುರು ಪಕ್ಷದ ವಕಾಲತ್ತು ವಹಿಸುವುದು. ನ್ಯಾಯ ತೀರ್ಮಾನಕ್ಕೆ ನಾಳೆ ಸಮಯವಿದೆ, ಇವತ್ತು ಅವರ ಪಕ್ಕದಲ್ಲಿ ನಿಲ್ಲಿ. ಮೊದಲ ವಾರ ಕೃತಕ ಅನ್ನಿಸುತ್ತದೆ, ನಾಲ್ಕನೇ ನಿಮಿಷಕ್ಕೆ ಮಾತು ಖಾಲಿಯಾಗುತ್ತದೆ. ಖಾಲಿಯಾದರೆ ಸುಮ್ಮನೆ ಕೂತಿರಿ, ಎದ್ದು ಹೋಗಬೇಡಿ.

ಮೂರನೆಯದು ನಿಮ್ಮ ತುಡಿತದ ಪ್ರಶ್ನೆಗೆ ನೇರ ಸಂಬಂಧಿಸಿದ್ದು. 1993ರ ಒಂದು ಪ್ರಯೋಗದಲ್ಲಿ ದಂಪತಿಗಳ ಒಂದು ಗುಂಪಿಗೆ ವಾರಕ್ಕೆ ಒಂದೂವರೆ ಗಂಟೆಯಂತೆ ಹತ್ತು ವಾರ ‘ಹಿತವಾದ’ ಚಟುವಟಿಕೆಗಳನ್ನು, ಇನ್ನೊಂದು ಗುಂಪಿಗೆ ‘ರೋಮಾಂಚಕ’ ಚಟುವಟಿಕೆಗಳನ್ನು ಮಾಡಲು ಹೇಳಲಾಯಿತು. ದಾಂಪತ್ಯದ ತೃಪ್ತಿ ಹೆಚ್ಚಿದ್ದು ಎರಡನೇ ಗುಂಪಿನಲ್ಲಿ. ಇದರ ಮುಂದುವರಿಕೆಯಾಗಿ ಏರನ್ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮಜವಾಗಿದೆ. ದಂಪತಿಗಳ ಕೈ ಮತ್ತು ಕಾಲನ್ನು ಒಂದಕ್ಕೊಂದು ಕಟ್ಟಿ, ಉದ್ದನೆಯ ದಿಂಬೊಂದನ್ನು ಕೈಯಲ್ಲಿ ಹಿಡಿಯದೆ ಇಬ್ಬರ ಮೈ ನಡುವೆ ಒತ್ತಿಕೊಂಡು, ಚಾಪೆಯ ಮೇಲೆ ಅಂಬೆಗಾಲಿಟ್ಟು ಅಡೆತಡೆ ದಾಟಿಸಿದರು. ಏಳು ನಿಮಿಷದ ಈ ಪೇಚಾಟದ ನಂತರ ಅವರು ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಂತೋಷ ವ್ಯಕ್ತಪಡಿಸಿದರು. ಗಮನಿಸಿ, ಯಾರಿಗೂ ಮುಂಚೆ ಬಾರದ ಕೆಲಸ, ಇಬ್ಬರೂ ಸೇರಿದರೆ ಮಾತ್ರ ಆಗುವ ಕೆಲಸ. ಒಟ್ಟಿಗೆ ಕೂತು ಸಿನಿಮಾ ನೋಡುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಒಬ್ಬರಿಗೆ ಚೆನ್ನಾಗಿ ಬರುವುದನ್ನು ಇನ್ನೊಬ್ಬರಿಗೆ ಕಲಿಸುವುದೂ ಬೇಡ, ಒಬ್ಬರು ಮೇಷ್ಟರಾಗಿ ಕೂತರೆ ಅದು ಜಗಳದಲ್ಲೇ ಮುಗಿಯುತ್ತದೆ. ಇಬ್ಬರಿಗೂ ಗೊತ್ತಿಲ್ಲದ್ದನ್ನು ಆರಿಸಿ, ಈಜಾಗಲಿ, ವಾದ್ಯವಾಗಲಿ, ನಕಾಶೆ ಹಿಡಿದು ಕಾಲ್ನಡಿಗೆಯಲ್ಲಿ ಹೊಸ ಜಾಗ ಹುಡುಕುವುದಾಗಲಿ.

‘ದೊಡ್ಡ ಜಗಳವೇನೂ ಇಲ್ಲ’ ಎಂದು ಬರೆದಿದ್ದೀರಿ. ಅದನ್ನು ಪೂರ್ತಿ ಒಳ್ಳೆಯ ಲಕ್ಷಣ ಎನ್ನಲಾರೆ. ಕೆಲವು ಮನೆಗಳಲ್ಲಿ ಜಗಳ ಇಲ್ಲದಿರುವುದು ತೃಪ್ತಿಯಿಂದ, ಕೆಲವು ಮನೆಗಳಲ್ಲಿ ಹೇಳಿ ಏನು ಪ್ರಯೋಜನ ಎಂಬ ನಿರಾಶೆಯಿಂದ. ಮೇಲೆ ಹೇಳಿದ್ದನ್ನು ಮಾಡತೊಡಗಿದರೆ ಮುಚ್ಚಿಟ್ಟಿದ್ದೆಲ್ಲ ಹೊರಬಂದು ಆರಂಭದಲ್ಲಿ ಜಗಳ ಹೆಚ್ಚಾಗಬಹುದು. ಹೆದರಬೇಡಿ. ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ 69 ಶೇಕಡಾದಷ್ಟು ಎಂದಿಗೂ ಪೂರ್ತಿ ಬಗೆಹರಿಯದಂಥವು ಎಂದು ಗಾಟ್ಮನ್ ಲೆಕ್ಕ ಹಾಕಿದ್ದಾರೆ. ಒಬ್ಬರಿಗೆ ಉಳಿತಾಯ ಬೇಕು, ಇನ್ನೊಬ್ಬರಿಗೆ ಖರ್ಚು ಮಾಡಿ ಬದುಕಬೇಕು. ಒಬ್ಬರಿಗೆ ಜನ ಬೇಕು, ಇನ್ನೊಬ್ಬರಿಗೆ ಏಕಾಂತ. ಇದನ್ನು ಗೆಲ್ಲುವ ಪ್ರಶ್ನೆಯೇ ಇಲ್ಲ, ಇದರ ಬಗ್ಗೆ ಆಗಾಗ ಗೌರವದಿಂದ ಮಾತಾಡುತ್ತಿರಬೇಕು ಅಷ್ಟೇ.

ಜಗಳದಲ್ಲಿ ನಿಜವಾಗಿ ವಿಷವಾಗುವುದು ತಿರಸ್ಕಾರ. ಕಣ್ಣು ಹೊರಳಿಸುವುದು, ಅಣಕಿಸುವುದು, ‘ನಿನ್ನಿಂದ ಇನ್ನೇನು ನಿರೀಕ್ಷಿಸೋಕಾಗುತ್ತೆ’ ಎನ್ನುವುದು. ಸಿಟ್ಟಿನಲ್ಲಿ ಕೂಗುವವರಿಗೆ ಎದುರಿನವರು ಇನ್ನೂ ಸಮಾನರು. ತಿರಸ್ಕರಿಸುವವರು ಅವರನ್ನು ಕೆಳಗಿಟ್ಟು ನೋಡುತ್ತಿರುತ್ತಾರೆ. ಇದರ ಪರಿಣಾಮ ಮನಸ್ಸಿಗಷ್ಟೇ ಅಲ್ಲ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ 42 ದಂಪತಿಗಳನ್ನು ಎರಡು ಬಾರಿ ಆಸ್ಪತ್ರೆಯಲ್ಲಿ ಉಳಿಸಿಕೊಂಡು, ತೋಳಿನ ಮೇಲೆ ಸಣ್ಣ ಬೊಬ್ಬೆಗಳ ಗಾಯ ಮಾಡಿ, ಒಂದು ಸಲ ಹಿತವಾದ ಮಾತುಕತೆ, ಇನ್ನೊಂದು ಸಲ ಭಿನ್ನಾಭಿಪ್ರಾಯದ ಮಾತುಕತೆ ನಡೆಸಲು ಹೇಳಿತು. ಭಿನ್ನಾಭಿಪ್ರಾಯದ ನಂತರ ಗಾಯ ಮಾಯುವುದು ನಿಧಾನವಾಯಿತು. ಎರಡೂ ಸಲ ಕಟುವಾಗಿ ವರ್ತಿಸಿದ ದಂಪತಿಗಳಲ್ಲಂತೂ ಮಾಯುವ ವೇಗ ಉಳಿದವರ 60 ಶೇಕಡಾದಷ್ಟಿತ್ತು. 2005ರ ಈ ಫಲಿತಾಂಶ ಓದಿದ ಮೇಲೆ ‘ಮಾತಿನಿಂದ ಏನಾಗುತ್ತೆ ಬಿಡು’ ಎನ್ನುವುದು ಕಷ್ಟ.

ಜಗಳ ಕೈಮೀರುತ್ತಿದ್ದರೆ ನಿಲ್ಲಿಸುವ ಕ್ರಮ ಹೀಗಿರಲಿ. ಎದೆಬಡಿತ ನಿಮಿಷಕ್ಕೆ 100 ದಾಟಿತೆಂದರೆ ಕಿವಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ, ಮುಂದಿನ ಮಾತೆಲ್ಲ ವ್ಯರ್ಥ. ಆಗ ‘ನನಗೆ ಈಗ ಆಗ್ತಿಲ್ಲ, ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಹೇಳಿ ಏಳಿ. ಹೇಳದೆ ಎದ್ದುಹೋಗುವುದು ಬೇರೆಯೇ ಸಂಗತಿ, ಅದು ಟ್ರಾನಿಕ್ ಅವರ ಪ್ರಯೋಗದ ಕಲ್ಲುಮುಖದಂತೆ ಎದುರಿನವರನ್ನು ಕಂಗೆಡಿಸುತ್ತದೆ. ದೇಹ ತಣಿಯಲು ಕನಿಷ್ಠ 20 ನಿಮಿಷ ಬೇಕು. ಆ ಹೊತ್ತಿನಲ್ಲಿ ‘ಅವರು ಹೀಗಂದರೆ ನಾನು ಹಾಗನ್ನಬೇಕು’ ಎಂದು ಮನಸ್ಸಿನಲ್ಲೇ ವಾದ ಮುಂದುವರಿಸಿದರೆ 20 ನಿಮಿಷವೂ ದಂಡ. ನಡೆದಾಡಿ, ಸ್ನಾನ ಮಾಡಿ, ಬೇರೇನಾದರೂ ಓದಿ. ಮತ್ತೆ, ಹೇಳಿದ ಹೊತ್ತಿಗೆ ನೀವಾಗಿಯೇ ವಾಪಸ್ ಬನ್ನಿ. ಬಿಡುವು ಕೇಳಿದವರೇ ಮಾತು ಶುರುಮಾಡಬೇಕು, ಇಲ್ಲವಾದರೆ ಮುಂದಿನ ಸಲ ಅದನ್ನು ಯಾರೂ ನಂಬುವುದಿಲ್ಲ.

ಕ್ಷಮೆ ಕೇಳುವಾಗ ‘ನಿಂಗೆ ಬೇಜಾರಾಗಿದ್ರೆ ಸಾರಿ’ ಎಂಬ ವಾಕ್ಯವನ್ನು ಬಿಟ್ಟುಬಿಡಿ. ಅದರಲ್ಲಿ ತಪ್ಪು ಬೇಜಾರು ಮಾಡಿಕೊಂಡವರದ್ದೇ ಆಗುತ್ತದೆ. ನೀವು ಮಾಡಿದ್ದೇನು, ಅದರಿಂದ ಅವರಿಗೆ ಆದದ್ದೇನು, ಮುಂದೆ ಏನು ಬದಲಿಸುತ್ತೀರಿ, ಈ ಮೂರು ಇರಲಿ: ‘ನಿನ್ನ ಸ್ನೇಹಿತರ ಎದುರಿಗೆ ಸಂಬಳದ ವಿಷಯ ಎತ್ತಿ ನಕ್ಕೆ. ನಿಂಗೆ ಅವಮಾನ ಆಯ್ತು. ಇನ್ನು ನಮ್ಮ ದುಡ್ಡಿನ ವಿಷಯ ನಾಲ್ಕು ಜನರೆದುರು ಎತ್ತಲ್ಲ.’ ಇದಾದ ಮೇಲೆ ‘ಆದ್ರೆ ನೀನೂ...’ ಬೇಡ.

ಇಷ್ಟು ಮಾಡುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಿ. ಆಸಕ್ತಿ ಹೋಗಿರುವುದು ಸಂಗಾತಿಯಲ್ಲಿ ಮಾತ್ರವೇ, ಅಥವಾ ಎಲ್ಲದರಲ್ಲೂ? ಎರಡು ವಾರಕ್ಕಿಂತ ಹೆಚ್ಚು ಕಾಲ ಇಷ್ಟದ ಕೆಲಸವೂ ಸಪ್ಪೆ, ನಿದ್ದೆ ಊಟ ಏರುಪೇರು, ವಿನಾಕಾರಣ ಸುಸ್ತು ಇದ್ದರೆ ಅದು ಖಿನ್ನತೆ ಇರಬಹುದು. ಥೈರಾಯ್ಡ್ ತೊಂದರೆ, ಕೆಲವು ಔಷಧಗಳು, ಮಗು ಹುಟ್ಟಿದ ಮೇಲಿನ ವರ್ಷಗಟ್ಟಲೆಯ ನಿದ್ದೆಗೇಡು ಕೂಡ ಬಯಕೆಯನ್ನು ತಗ್ಗಿಸುತ್ತವೆ. ಮೊದಲು ವೈದ್ಯರನ್ನು ಕಾಣಿ. ಎರಡನೆಯದು, ಈ ಉತ್ತರ ಇಬ್ಬರೂ ಒಬ್ಬರಿಗೊಬ್ಬರು ಹೆದರದೆ ಬದುಕುತ್ತಿರುವ ಮನೆಗೆ ಮಾತ್ರ. ಹೊಡೆತ, ಬೆದರಿಕೆ, ಫೋನ್ ತಪಾಸಣೆ, ದುಡ್ಡು ಕಿತ್ತುಕೊಳ್ಳುವುದು, ಸ್ನೇಹಿತರು ಬಂಧುಗಳಿಂದ ದೂರ ಮಾಡುವುದು ಇದ್ದರೆ ಹೆಚ್ಚು ಓಗೊಡುವುದು ಅಪಾಯ, ದಂಪತಿ ಸಮಾಲೋಚನೆಯೂ ಅಲ್ಲಿ ಸೂಕ್ತವಲ್ಲ. ಅಲ್ಲಿ ಮೊದಲ ಪ್ರಶ್ನೆ ಸುರಕ್ಷತೆಯದು. ‘ಪ್ರೀತಿ ಇರೋದಕ್ಕೇ ಹೀಗೆ ಮಾಡೋದು’ ಎಂಬ ಸಮಜಾಯಿಷಿಯನ್ನು ಒಪ್ಪಬೇಡಿ.

ಹೀಗೆ ಮೂರು ತಿಂಗಳು ಪ್ರಯತ್ನಿಸಿ. ಸಂಗಾತಿಯಿಂದ ಏನೂ ಬದಲಾವಣೆ ಕಾಣದಿದ್ದರೆ, ಅಥವಾ ಪ್ರತಿ ಮಾತೂ ತಿರಸ್ಕಾರದಲ್ಲೇ ಕೊನೆಯಾಗುತ್ತಿದ್ದರೆ ಇಬ್ಬರೂ ಸೇರಿ ಸಮಾಲೋಚಕರ ಹತ್ತಿರ ಹೋಗುವುದು ಒಳ್ಳೆಯದು. ಸಾಕುಸಾಕಾದ ಮೇಲೆ, ಒಬ್ಬರು ಮನಸ್ಸಿನಲ್ಲೇ ಮನೆ ಬಿಟ್ಟಾದ ಮೇಲೆ ಹೋಗುವವರೇ ಹೆಚ್ಚು. ಆಗ ಕೆಲಸ ಹತ್ತು ಪಟ್ಟು ಕಷ್ಟ.

ಇನ್ನು ನಿಮ್ಮ ಅಣ್ಣನ ವಿಷಯ. ಪ್ರೀತಿ ಅಂದರೆ ಜೋಡಿ ಎಂದು ಹಿಡಿದುಕೊಂಡರೆ ಅವರದ್ದು ಕೊರತೆಯಾಗಿ ಕಾಣುತ್ತದೆ. ಆದರೆ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಬೇರೆ. ಗಟ್ಟಿಯಾದ ಸಾಮಾಜಿಕ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ 50 ಶೇಕಡಾ ಹೆಚ್ಚಿತ್ತು. ಈ ಲಾಭ ಅತಿ ಹೆಚ್ಚಾಗಿ ಕಂಡದ್ದು ಹಲವು ಬಗೆಯ ನಂಟುಗಳು ಒಟ್ಟಿಗೆ ಇದ್ದಲ್ಲಿ. ಮದುವೆಯಾಗಿದ್ದಾರೆಯೇ, ಒಬ್ಬರೇ ಇದ್ದಾರೆಯೇ ಎಂದಷ್ಟೇ ಕೇಳಿದ ಅಧ್ಯಯನಗಳಲ್ಲಿ ಪರಿಣಾಮ ಕಡಿಮೆ. ಅದೇ ಜನರ ಬದುಕನ್ನು ದಶಕಗಟ್ಟಲೆ ಗಮನಿಸುತ್ತ, 1938ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲೂ, 80ರ ವಯಸ್ಸಿನ ಆರೋಗ್ಯವನ್ನು 50ರಲ್ಲೇ ಸೂಚಿಸಿದ್ದು ಕೊಲೆಸ್ಟ್ರಾಲ್‌ಗಿಂತ ಹೆಚ್ಚಾಗಿ ಸಂಬಂಧಗಳಲ್ಲಿನ ತೃಪ್ತಿ.

ಹಾಗಾಗಿ ಅಣ್ಣನ ಬಗ್ಗೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ನಡುರಾತ್ರಿ ಫೋನ್ ಮಾಡಿದರೆ ಎತ್ತುವವರು ಅವರಿಗೆ ಯಾರಾದರೂ ಇದ್ದಾರೆಯೇ? ಎರಡು ದಿನ ಕಾಣದಿದ್ದರೆ ವಿಚಾರಿಸುವವರು? ಅವರನ್ನು ನಂಬಿಕೊಂಡವರು, ಅವರು ಇಲ್ಲದಿದ್ದರೆ ಆಗದು ಎನ್ನುವವರು ಯಾರಾದರೂ? ಮೂರನೆಯದನ್ನು ಮರೆಯುವವರೇ ಹೆಚ್ಚು. ಪ್ರೀತಿ ಪಡೆಯುವಷ್ಟೇ, ತಾನು ಯಾರಿಗೋ ಆಗುತ್ತೇನೆ ಎಂಬುದೂ ಬದುಕನ್ನು ಹಿಡಿದಿಡುತ್ತದೆ. ಇವಕ್ಕೆಲ್ಲ ಉತ್ತರವಿದ್ದರೆ ಅವರ ಬಗ್ಗೆ ಕನಿಕರ ಪಡಬೇಕಾದ್ದಿಲ್ಲ.

ಉತ್ತರವಿಲ್ಲದಿದ್ದರೂ ಹುಡುಕಬೇಕಾದ್ದು ಹೆಣ್ಣನ್ನೇ ಎಂದೇನಿಲ್ಲ, ಸ್ನೇಹವೂ ಸಾಕು. ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಜೆಫ್ರಿ ಹಾಲ್ ಅವರ ಅಧ್ಯಯನದ ಪ್ರಕಾರ ಪರಿಚಿತರು ತಕ್ಕಮಟ್ಟಿನ ಸ್ನೇಹಿತರಾಗಲು ಸುಮಾರು 50 ಗಂಟೆ, ನಿಜವಾದ ಸ್ನೇಹಿತರಾಗಲು 90, ಆಪ್ತರಾಗಲು 200 ಗಂಟೆಗೂ ಹೆಚ್ಚಿನ ಒಡನಾಟ ಬೇಕು. ಆಫೀಸಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದ ಗಂಟೆಗಳಿಗೆ ಅಷ್ಟು ಬೆಲೆಯಿಲ್ಲ. ವಾರಕ್ಕೆರಡು ಗಂಟೆಯಂತೆ ಸಿಕ್ಕರೆ 200 ಗಂಟೆಗೆ ಎರಡು ವರ್ಷ ಬೇಕು. ಆದ್ದರಿಂದ ಆಗೊಮ್ಮೆ ಈಗೊಮ್ಮೆಯ ಭೇಟಿಗಿಂತ ವಾರವಾರವೂ ಅದೇ ಜನ ಸೇರುವ ಜಾಗ ಅನುಕೂಲ, ಆಟದ ತಂಡವೋ ಸಂಗೀತದ ತರಗತಿಯೋ ಸ್ವಯಂಸೇವಕರ ಗುಂಪೋ ಯಾವುದಾದರೂ ಸರಿ. ತಂಗಿಯೋ ತಮ್ಮನೋ ಆಗಿ ನೀವು ಮಾಡಬಹುದಾದ್ದೂ ಒಂದಿದೆ. ವಾರಕ್ಕೊಮ್ಮೆ ಅಣ್ಣನಿಗೆ ಫೋನ್ ಮಾಡಿ, ಮದುವೆಯ ವಿಷಯ ಎತ್ತಬೇಡಿ.